ಸಿಂಗಲ್ ಕೇಸ್ ಡೇಟಾ: ಹಂತದ ತುದಿಯ ಅಳತೆಗಳನ್ನು ಕತ್ತರಿಸುವುದು ಹೇಗೆ, ಎಷ್ಟು, ಯಾವಾಗ

14, 17, 22, 23, 22, 24, 22, 23.

ಎಂಟು ದಿನ, ಎಂಟು ಅಂಕಿ. ಮೂರನೇ ಕ್ಲಾಸಿನ ಒಂದು ಮಗು ಒಂದು ನಿಮಿಷ ಗಟ್ಟಿಯಾಗಿ ಓದಿದಾಗ ತಪ್ಪಿಲ್ಲದೆ ಬಂದ ಪದಗಳ ಲೆಕ್ಕ. ಇದು ಬೇಸ್‌ಲೈನ್, ಅಂದರೆ ಎ ಹಂತ. ಇನ್ನೂ ವಿಶೇಷ ಪಾಠ ಏನೂ ಶುರುವಾಗಿಲ್ಲ. ಒಂಬತ್ತನೇ ದಿನದಿಂದ ಹೊಸ ರೀತಿಯಲ್ಲಿ ಓದಿಸಲು ಶುರು ಮಾಡಿದೆವು. ಅದು ಬಿ ಹಂತ, ಹತ್ತು ದಿನ: 23, 22, 25, 28, 29, 31, 30, 33, 32, 34.

ಈ ಅಂಕಿಗಳು ವಿವರಿಸುವುದಕ್ಕೆಂದು ನಾನೇ ಕಟ್ಟಿಕೊಂಡವು. ಆದರೆ ಇಂಥದೇ ಸಾಲುಗಳನ್ನು ಡೆಸರ್ಟೇಶನ್ ಮಾಡುವವರು ಪ್ರತಿ ವರ್ಷ ನನ್ನ ಮುಂದೆ ತಂದಿಡುತ್ತಾರೆ. ಕೇಳುವ ಪ್ರಶ್ನೆಯೂ ಒಂದೇ. "ಮೇಡಂ, ಮೊದಲ ಎರಡು ದಿನ ಮಗು ಹೆದರಿಕೊಂಡಿತ್ತು. ಆ 14, 17 ತೆಗೆದುಬಿಡಲಾ?"

ತೆಗೆಯಬಹುದು. ಕೆಲವು ಸಲ ತೆಗೆಯಲೇಬೇಕು. ಆದರೆ ತೆಗೆಯುವುದಕ್ಕೆ ಒಂದು ಕ್ರಮ ಇದೆ. ಅದನ್ನು ಬಿಟ್ಟು ಸುಮ್ನೆ ಡಿಲೀಟ್ ಒತ್ತಿದರೆ, ಅದೇ ಮಗುವಿನ ಅದೇ ಹದಿನೆಂಟು ದಿನ ಬೇರೆಯೇ ಕಥೆ ಹೇಳಲು ಶುರು ಮಾಡುತ್ತವೆ. ಎಷ್ಟು ಬೇರೆ ಅನ್ನುವುದನ್ನು ಕೆಳಗೆ ಲೆಕ್ಕ ಮಾಡಿಯೇ ತೋರಿಸುತ್ತೇನೆ.

ಹೊಸಬರಿಗೆ ಒಂದು ಮಾತು. ಸಿಂಗಲ್ ಕೇಸ್ ಸಂಶೋಧನೆ ಅಂದರೆ ಒಬ್ಬ ವ್ಯಕ್ತಿಯ ಬಗ್ಗೆ ಬರೆಯುವ ಕೇಸ್ ಸ್ಟಡಿ ಅಲ್ಲ. ಒಬ್ಬರನ್ನೇ ಮತ್ತೆ ಮತ್ತೆ ಅಳೆದು, ಚಿಕಿತ್ಸೆ ಇಲ್ಲದಾಗ ಹೇಗಿತ್ತು, ಇದ್ದಾಗ ಹೇಗಾಯಿತು ಎಂದು ಅವರನ್ನು ಅವರ ಜೊತೆಗೇ ಹೋಲಿಸುವ ಪ್ರಯೋಗ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಅವರ ವರ್ತನಾ ಪ್ರಯೋಗಗಳಿಂದ ಬೆಳೆದು ಬಂದ ಪದ್ಧತಿ ಇದು. 1968ರಲ್ಲಿ ಅಮೆರಿಕದಲ್ಲಿ 'ಜರ್ನಲ್ ಆಫ್ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್' ಶುರುವಾದ ಮೇಲೆ ಶಾಲೆ, ಆಸ್ಪತ್ರೆಗಳಿಗೂ ಹರಡಿತು. ವಾಕ್ ಚಿಕಿತ್ಸೆ, ವಿಶೇಷ ಶಿಕ್ಷಣ, ಕ್ಲಿನಿಕಲ್ ಸೈಕಾಲಜಿ ಓದುವವರಿಗೆ ಒಂದಲ್ಲ ಒಂದು ದಿನ ಇದು ಎದುರಾಗುತ್ತದೆ. ನೂರು ಜನರ ಸರ್ವೇಯಲ್ಲಿ ಎರಡು ಉತ್ತರ ಕೈಬಿಟ್ಟರೆ ಹೆಚ್ಚೇನೂ ಆಗುವುದಿಲ್ಲ. ಇಲ್ಲಿ ಎಂಟರಲ್ಲಿ ಎರಡು ಅಂದರೆ ಬೇಸ್‌ಲೈನಿನ ಕಾಲು ಭಾಗ.

ಯಾವ ತುದಿ, ಯಾವ ಕಾರಣ

ಒಂದು ಹಂತಕ್ಕೆ ಎರಡು ತುದಿ. ಎ ಮತ್ತು ಬಿ ಸೇರಿದರೆ ನಾಲ್ಕು. ಒಂದೊಂದು ತುದಿಯ ಕಾರಣವೂ ಬೇರೆ.

ಎ ಹಂತದ ಶುರುವಿನಲ್ಲಿ ಕತ್ತರಿಸಲು ಸಾಮಾನ್ಯವಾಗಿ ಇರುವ ಕಾರಣ, ಅಳೆಯುವುದೇ ಮಗುವಿಗೆ ಹೊಸದು ಅನ್ನುವುದು. ಟೇಬಲ್ ಮೇಲೆ ಮೊಬೈಲ್ ರೆಕಾರ್ಡ್ ಆಗುತ್ತಿದೆ. ಎದುರಿಗೆ ಪರಿಚಯವಿಲ್ಲದ ಅಕ್ಕ ಒಬ್ಬರು ಸ್ಟಾಪ್‌ವಾಚ್ ಹಿಡಿದು ಕೂತಿದ್ದಾರೆ. ಮಗು ಒಂದು ಸಾಲು ಓದುತ್ತದೆ, ತಲೆಯೆತ್ತಿ ಮೊಬೈಲ್ ನೋಡುತ್ತದೆ, ಮತ್ತೆ ಎಲ್ಲಿದ್ದೆ ಎಂದು ಬೆರಳಿಟ್ಟು ಹುಡುಕುತ್ತದೆ. ದನಿ ಎಷ್ಟು ಮೆಲ್ಲಗಿರುತ್ತದೆ ಅಂದರೆ ಆಮೇಲೆ ರೆಕಾರ್ಡಿಂಗ್ ಕೇಳುವಾಗ ಫ್ಯಾನಿನ ಸದ್ದೇ ಜಾಸ್ತಿ. ಆ ದಿನ ಬಂದ 14 ಮಗುವಿನ ಓದಿನ ಅಳತೆ ಅಲ್ಲ, ಅದರ ಸಂಕೋಚದ ಅಳತೆ. ಮೂರನೇ ದಿನಕ್ಕೆ ಮೊಬೈಲ್ ಕಡೆ ನೋಡುವುದೇ ಇಲ್ಲ. 22 ಬರುತ್ತದೆ, ಅಲ್ಲೇ ನಿಲ್ಲುತ್ತದೆ.

ಬಿ ಹಂತದ ಶುರುವಿನಲ್ಲಿ ಕತ್ತರಿಸುವವರು ಹೇಳುವ ಕಾರಣ, ಚಿಕಿತ್ಸೆ ಹಿಡಿಯಲು ಸಮಯ ಬೇಕು ಅನ್ನುವುದು. ಔಷಧಗಳ ವಿಷಯದಲ್ಲಿ ಇದು ಗಟ್ಟಿ ಕಾರಣ. ಒಬ್ಬನೇ ರೋಗಿಗೆ ಎರಡು ಔಷಧಗಳನ್ನು ಸರದಿಯಲ್ಲಿ ಕೊಟ್ಟು ನೋಡುವ ಪ್ರಯೋಗಗಳಲ್ಲಿ, ಹಿಂದಿನ ಔಷಧ ಮೈಯಿಂದ ಪೂರ್ತಿ ಇಳಿಯುವ ತನಕದ ಅಳತೆಗಳನ್ನು ಲೆಕ್ಕಕ್ಕೆ ಹಿಡಿಯದಿರುವುದು ರೂಢಿಯಲ್ಲಿದೆ. ಎಷ್ಟು ದಿನ ಬಿಡಬೇಕು ಅನ್ನುವುದು ಔಷಧದ ಮೇಲೆ ನಿಂತಿದೆ. ಮೀಥೈಲ್‌ಫೆನಿಡೇಟ್ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಫ್ಲುಆಕ್ಸೆಟಿನ್ ವಾರಗಟ್ಟಲೆ ಮೈಯಲ್ಲಿರುತ್ತದೆ. ಹೀಗೆ ಕಾರಣಕ್ಕೊಂದು ಕೈಗೆ ಸಿಗುವ ಲೆಕ್ಕ ಇದೆ. ಪಾಠಕ್ಕೆ, ಮಾತಿನ ಥೆರಪಿಗೆ ಅಂಥ ಲೆಕ್ಕ ಇಲ್ಲ. ಹಾಗಾಗಿ ಬಿ ಹಂತದ ಶುರುವಿಗೆ ಕೈ ಹಾಕುವ ಮುಂಚೆ ನಾನು ಎರಡು ಸಲ ಯೋಚಿಸುತ್ತೇನೆ.

ವರ್ತನೆಯ ಕೆಲಸದಲ್ಲಿ ಇನ್ನೊಂದು ಇದೆ. ಮಗು ಕಿರುಚಿದಾಗಲೆಲ್ಲ ಎಲ್ಲರೂ ಓಡಿ ಬರುತ್ತಿದ್ದರು, ಈಗ ಬರುವುದನ್ನು ನಿಲ್ಲಿಸಿದಿರಿ ಅನ್ನಿ. ಕಿರುಚಾಟ ಕಡಿಮೆಯಾಗುವ ಮುಂಚೆ ಒಂದೆರಡು ದಿನ ಇನ್ನೂ ಏರುವುದುಂಟು. ಗ್ರಾಫ್ ಕೆಟ್ಟದಾಗಿ ಕಾಣುತ್ತದೆ ಎಂದು ಆ ದಿನಗಳನ್ನು ತೆಗೆಯಲು ಆಸೆಯಾಗುತ್ತದೆ. ತೆಗೆಯಬೇಡಿ. ಆ ಏರಿಕೆ ಚಿಕಿತ್ಸೆಯದೇ ಪರಿಣಾಮ. ನಾಳೆ ನಿಮ್ಮ ಲೇಖನ ಓದಿ ಇದನ್ನೇ ಮನೆಯಲ್ಲಿ ಮಾಡಿ ನೋಡುವ ಒಬ್ಬ ತಾಯಿಗೆ ಎಲ್ಲಕ್ಕಿಂತ ಮೊದಲು ಗೊತ್ತಿರಬೇಕಾದ ವಿಷಯವೇ ಅದು.

ಎ ಹಂತದ ಕೊನೆಯನ್ನು ಕತ್ತರಿಸುವ ಸಂದರ್ಭ ಕಡಿಮೆ. ನೀವು ಶುರು ಮಾಡುವ ಮುಂಚೆಯೇ ಮನೆಯಲ್ಲಿ ಅಜ್ಜಿ ಅದೇ ರೀತಿ ಓದಿಸಲು ಶುರು ಮಾಡಿದ್ದರು ಅಂತ ಗೊತ್ತಾದರೆ ಆ ದಿನಗಳು ಬೇಸ್‌ಲೈನ್ ಆಗಿ ಉಳಿಯುವುದಿಲ್ಲ. ಬಿ ಹಂತದ ಕೊನೆಯನ್ನಂತೂ ಮುಟ್ಟದಿರುವುದೇ ಒಳ್ಳೆಯದು. ಕೊನೆಯಲ್ಲಿ ಅಂಕಿ ಇಳಿದಿದ್ದರೆ ಅದು ಬಹುಪಾಲು ಫಲಿತಾಂಶವೇ: ಮಗುವಿಗೆ ಬೇಜಾರು ಬಂದಿದೆ, ಅಥವಾ ಪಾಠದ ಬಲ ಅಷ್ಟೇ.

ಮಧ್ಯದ ಒಂದು ದಿನ ಜ್ವರ ಬಂದು ಅಂಕಿ ಬಿದ್ದಿದ್ದರೆ? ಅದು ತುದಿ ಕತ್ತರಿಸುವ ವಿಷಯ ಅಲ್ಲ. ಅದಕ್ಕೆ ಬೇರೆ ನಿಯಮ ಬೇಕು. ಎರಡನ್ನೂ ಒಂದೇ ಮಾತಿನಲ್ಲಿ ಸೇರಿಸಬೇಡಿ.

ಮೊದಲ ಹೆಜ್ಜೆ: ಅಳೆಯುವ ಮುಂಚೆಯೇ ನಿಯಮ ಬರೆದಿಡಿ

ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಅದು ಇದಾಗಿರಲಿ. ಗ್ರಾಫ್ ನೋಡಿದ ಮೇಲೆ ಹುಟ್ಟುವ ಕಾರಣಗಳು ಎಲ್ಲವೂ ಒಳ್ಳೆಯ ಕಾರಣಗಳಂತೆಯೇ ಕಾಣುತ್ತವೆ. ನೀವು ಮೋಸ ಮಾಡಬೇಕೆಂದು ಹೊರಟಿರುವುದಿಲ್ಲ. ಮಗು ಚೆನ್ನಾಗಿ ಕಲಿತಿದೆ ಅಂತ ಮನಸಾರೆ ನಂಬಿರುತ್ತೀರಿ, ಅದಕ್ಕೇ ಕಣ್ಣು ಅಡ್ಡ ಬರುವ ಚುಕ್ಕಿಯ ಕಡೆಗೇ ಹೋಗುತ್ತದೆ.

ಸಿನಾಪ್ಸಿಸ್, ಅಂದರೆ ಅಧ್ಯಯನದ ಯೋಜನೆ, ಬರೆಯುವಾಗಲೇ ಹೀಗೊಂದು ಸಾಲು ಸೇರಿಸಿ: "ಎ ಹಂತದ ಮೊದಲ ಎರಡು ಅಳತೆಗಳು ಮಗುವಿಗೆ ಅಭ್ಯಾಸವಾಗಲು. ಅವುಗಳ ಬೆಲೆ ಏನೇ ಬಂದರೂ ಮುಖ್ಯ ಲೆಕ್ಕದಿಂದ ಹೊರಗಿರುತ್ತವೆ. ಬಿ ಹಂತದಿಂದ ಏನನ್ನೂ ಬಿಡುವುದಿಲ್ಲ." ಅದರ ಕೆಳಗೆ ತಾರೀಕು ಹಾಕಿ, ಗೈಡ್ ಕೈಯಲ್ಲಿ ಸಹಿ ಮಾಡಿಸಿ.

"ಬೆಲೆ ಏನೇ ಬಂದರೂ" ಅನ್ನುವುದನ್ನು ಗಮನಿಸಿ. ಮೊದಲ ಎರಡು ದಿನ 30 ಬಂದರೂ ಹೊರಗೇ. ಕಡಿಮೆ ಬಂದರೆ ಬಿಡುತ್ತೇನೆ, ಜಾಸ್ತಿ ಬಂದರೆ ಇಟ್ಟುಕೊಳ್ಳುತ್ತೇನೆ ಅನ್ನುವುದು ನಿಯಮ ಆಗುವುದಿಲ್ಲ.

ಇನ್ನೂ ಒಳ್ಳೆಯ ದಾರಿ ಒಂದಿದೆ. ಸಮಯ ಇದ್ದವರು ಅದನ್ನೇ ಹಿಡಿಯಿರಿ. ಎ ಹಂತ ಶುರುವಾಗುವ ಮುಂಚೆ ಎರಡು ಮೂರು ದಿನ ಸುಮ್ನೆ ಹೋಗಿ ಕೂರಿ. ಮೊಬೈಲ್ ಇಡಿ, ಓದಿಸಿ, ಮಾತಾಡಿಸಿ, ಬನ್ನಿ. ಅದನ್ನು ಅಭ್ಯಾಸದ ದಿನಗಳು ಅಂತಲೇ ಬರೆದುಕೊಳ್ಳಿ. ಆಮೇಲೆ ಎ ಹಂತ ಶುರು ಮಾಡಿದರೆ ಕತ್ತರಿ ಹಿಡಿಯುವ ಕೆಲಸವೇ ಬರುವುದಿಲ್ಲ.

ಎರಡನೇ ಹೆಜ್ಜೆ: ಮೂಲ ಶೀಟ್ ಮುಟ್ಟಬೇಡಿ

ಎಕ್ಸೆಲ್ ಫೈಲ್ ಕಾಪಿ ಮಾಡಿ. ಮೂಲ ಫೈಲಿಗೆ "ಮೂಲ" ಅಂತ ಹೆಸರಿಟ್ಟು ಬೇರೆ ಕಡೆ ಇಡಿ, ನಿಮ್ಮ ಮೇಲ್‌ಗೂ ಒಂದು ಕಳಿಸಿಕೊಳ್ಳಿ. ನನ್ನ ಮೊದಲ ಅಧ್ಯಯನದಲ್ಲಿ ನಾನು ಇದನ್ನು ಮಾಡಲಿಲ್ಲ. ಒಂದು ಹಂತದ ಮೂರು ಸಾಲು ಅಳಿಸಿ, ಅದೇ ಫೈಲನ್ನು ಸೇವ್ ಮಾಡಿದೆ. ಆರು ತಿಂಗಳ ಮೇಲೆ ಪರೀಕ್ಷಕರು "ಪೂರ್ತಿ ಡೇಟಾ ಸೇರಿಸಿದರೆ ಫಲಿತಾಂಶ ಏನು ಬರುತ್ತದೆ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಕೋರ್ ಬರೆದ ಹಾಳೆಗಳೂ ಅಷ್ಟರಲ್ಲಿ ರದ್ದಿಗೆ ಹೋಗಿದ್ದವು. ಆ ಮಗು ಮೂರು ದಿನ ಕೂತು ಓದಿದ ಶ್ರಮ ಎಲ್ಲೂ ಉಳಿಯಲಿಲ್ಲ ಅನ್ನುವುದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಕಾಪಿಯಲ್ಲಿ ಐದು ಕಾಲಂ ಮಾಡಿ: ದಿನ, ಹಂತ, ಅಂಕ, ಲೆಕ್ಕಕ್ಕೆ ಇದೆಯೋ ಇಲ್ಲವೋ, ಕಾರಣ. ನಾಲ್ಕನೇ ಕಾಲಂನಲ್ಲಿ "ಹೌದು" ಅಥವಾ "ಇಲ್ಲ". ಐದನೆಯದರಲ್ಲಿ ಒಂದು ಪೂರ್ತಿ ವಾಕ್ಯ. ಈ ವಾಕ್ಯ ದಿನಚರಿ ಪುಸ್ತಕದಿಂದ ಬರಬೇಕು, ಅಂಕಿಯನ್ನು ನೋಡಿ ಬರಬಾರದು. "ಅಂಕ ತೀರಾ ಕಡಿಮೆ" ಕಾರಣ ಅಲ್ಲ. "ಮಗು ಮೂರು ಸಲ ಓದು ನಿಲ್ಲಿಸಿ ಮೊಬೈಲ್ ನೋಡಿತು, ದನಿ ಕೇಳಿಸಲಿಲ್ಲ ಎಂದು ಅದೇ ದಿನ ಬರೆದಿದ್ದೇನೆ" ಕಾರಣ.

ಮೂರನೇ ಹೆಜ್ಜೆ: ಕತ್ತರಿಸಿದ ಮೇಲೆ ಎಷ್ಟು ಉಳಿಯುತ್ತದೆ?

ಇದು ಚಿಕ್ಕ ಹೆಜ್ಜೆ, ಆದರೆ ಬಹಳ ಜನ ಎಡವುವುದು ಇಲ್ಲೇ. ಶಿಕ್ಷಣ ಸಂಶೋಧನೆಗಳ ಗುಣಮಟ್ಟ ಪರಿಶೀಲಿಸುವ ಅಮೆರಿಕದ ವಾಟ್ ವರ್ಕ್ಸ್ ಕ್ಲಿಯರಿಂಗ್‌ಹೌಸ್ 2010ರಲ್ಲಿ ಹೊರತಂದ ಮಾನದಂಡದಲ್ಲಿ ಹಂತವೊಂದಕ್ಕೆ ಕನಿಷ್ಠ 5 ಅಳತೆ ಬೇಕಿತ್ತು. 3 ಇದ್ದರೆ ಷರತ್ತಿನ ಮೇಲೆ ಒಪ್ಪುತ್ತಿದ್ದರು. ನಮ್ಮ ಉದಾಹರಣೆಯಲ್ಲಿ ಎ ಹಂತದ 8ರಲ್ಲಿ 2 ಹೋದರೆ 6, ತೊಂದರೆ ಇಲ್ಲ. ಬೇಸ್‌ಲೈನ್ ಬರೀ ಐದು ದಿನ ಮಾಡಿ ಅದರಲ್ಲಿ ಎರಡು ಬಿಟ್ಟರೆ ಉಳಿಯುವುದು ಮೂರು. ಮೂರು ಚುಕ್ಕಿಯಲ್ಲಿ ಏರಿಕೆ ಯಾವುದು, ಅಲುಗಾಟ ಯಾವುದು ಅಂತ ಹೇಳಲು ಆಗಲ್ಲ, ಅಲ್ವಾ? ಎರಡು ಬಿಡುವ ಯೋಚನೆ ಇದ್ದರೆ ಎರಡು ದಿನ ಜಾಸ್ತಿಯೇ ಅಳೆಯಿರಿ.

ನಾಲ್ಕನೇ ಹೆಜ್ಜೆ: ಖಾಲಿ ಬಿಡಿ, ಸಾಲು ಅಳಿಸಬೇಡಿ

ಲೆಕ್ಕಕ್ಕೆ ಬೇಡದ ಅಂಕಿಯ ಜಾಗವನ್ನು ಖಾಲಿ ಬಿಡಿ. ಸೊನ್ನೆ ಹಾಕಬೇಡಿ. ಸೊನ್ನೆ ಅಂದರೆ ಮಗು ಒಂದು ಪದವನ್ನೂ ಓದಲಿಲ್ಲ ಅಂತ ಅರ್ಥ, ಸರಾಸರಿ ತಟ್ಟನೆ ಕೆಳಗಿಳಿಯುತ್ತದೆ. ಸಾಲನ್ನೇ ಅಳಿಸಿ, ಮಿಕ್ಕ ದಿನಗಳಿಗೆ 1, 2, 3 ಎಂದು ಹೊಸ ನಂಬರ್ ಕೊಡುವುದೂ ಬೇಡ. ಮೂರನೇ ದಿನ ಮೂರನೇ ದಿನವಾಗಿಯೇ ಇರಲಿ.

ನಂಬರ್ ಬದಲಾದರೆ ಏನು ಮಹಾ ಅನ್ನುತ್ತೀರಾ? ಬರೀ ಸರಾಸರಿ ನೋಡುವವರಿಗೆ ಏನೂ ಇಲ್ಲ. ಗೆರೆ ಎಳೆದು ನೋಡುವವರಿಗೆ ಬಹಳ ಇದೆ. ಹ್ಯೂಟೆಮಾ ಮತ್ತು ಮೆಕೀನ್ 2000ರಲ್ಲಿ ವಿವರಿಸಿದ ರೀತಿಯ ರಿಗ್ರೆಶನ್, ಅಂದರೆ ಚುಕ್ಕಿಗಳಿಗೆ ಹೊಂದುವ ಗೆರೆ ಎಳೆಯುವ ಲೆಕ್ಕ, ಇಂದು ಈ ಕ್ಷೇತ್ರದಲ್ಲಿ ತುಂಬ ಬಳಕೆಯಲ್ಲಿದೆ. ಅದರಲ್ಲಿ ಬಿ ಹಂತ ಶುರುವಾದ ದಿನ ಗೆರೆ ಎಷ್ಟು ಮೇಲಕ್ಕೆ ಜಿಗಿಯಿತು ಎಂದು ಲೆಕ್ಕ ಹಾಕುತ್ತಾರೆ. ನಮ್ಮ ಉದಾಹರಣೆಯಲ್ಲಿ ಎರಡೂ ಹಂತಗಳ ಮೊದಲ ಎರಡು ಅಳತೆ ಬಿಟ್ಟು ಗೆರೆ ಎಳೆದೆವು ಅನ್ನಿ. ಪಾಠ ನಿಜವಾಗಿ ಶುರುವಾದ ಒಂಬತ್ತನೇ ದಿನದಲ್ಲಿ ನಿಂತು ನೋಡಿದರೆ ಜಿಗಿತ ಸುಮಾರು 1 ಪದ. ಅದೇ ಗೆರೆಗಳನ್ನು ಹನ್ನೊಂದನೇ ದಿನದಲ್ಲಿ, ಅಂದರೆ ಉಳಿದ ಮೊದಲ ಚುಕ್ಕಿಯಲ್ಲಿ ನಿಂತು ನೋಡಿದರೆ ಸುಮಾರು 3 ಪದ. ಡೇಟಾ ಅದೇ, ಗೆರೆ ಅದೇ, ನಿಂತ ಜಾಗ ಬೇರೆ. ಯಾವ ದಿನದಿಂದ ಎಣಿಸಿದಿರಿ ಅನ್ನುವುದನ್ನು ಬರೆಯದಿದ್ದರೆ ಓದುವವರಿಗೆ ಇದು ಗೊತ್ತಾಗುವುದೇ ಇಲ್ಲ.

ಐದನೇ ಹೆಜ್ಜೆ: ನಾಲ್ಕೂ ರೀತಿ ಲೆಕ್ಕ ಮಾಡಿ

ಪೆನ್ನು ಹಾಳೆ ತೆಗೆದುಕೊಳ್ಳಿ, ಕ್ಯಾಲ್ಕ್ಯುಲೇಟರ್ ಸಾಕು. ಮೊದಲು ಸರಾಸರಿ.

ಏನೂ ಬಿಡದಿದ್ದರೆ: ಎ 20.9, ಬಿ 28.7, ವ್ಯತ್ಯಾಸ 7.8.
ಎ ಹಂತದ ಮೊದಲ ಎರಡು ಬಿಟ್ಟರೆ: ಎ 22.7, ಬಿ 28.7, ವ್ಯತ್ಯಾಸ 6.0.
ಬಿ ಹಂತದ ಮೊದಲ ಎರಡು ಬಿಟ್ಟರೆ: ಎ 20.9, ಬಿ 30.25, ವ್ಯತ್ಯಾಸ 9.4.
ಎರಡರಲ್ಲೂ ಬಿಟ್ಟರೆ: ಎ 22.7, ಬಿ 30.25, ವ್ಯತ್ಯಾಸ 7.6.

ಕಡಿಮೆ ಅಂದರೆ 6, ಜಾಸ್ತಿ ಅಂದರೆ 9.4. ಒಂದೇ ಮಗು. ಎಲ್ಲಿ ಕತ್ತರಿಸಿದಿರಿ ಅನ್ನುವುದರ ಮೇಲೆ ಪಾಠದ ಫಲ ಒಂದೂವರೆ ಪಟ್ಟು ಹಿಗ್ಗುತ್ತದೆ. ಎರಡರಲ್ಲೂ ಬಿಟ್ಟಾಗ ಬಂದ 7.6 ಪೂರ್ತಿ ಡೇಟಾದ 7.8ರ ಹತ್ತಿರವೇ ಇದೆ ಎಂದು ಸಮಾಧಾನ ಪಟ್ಟುಕೊಳ್ಳಬೇಡಿ. ಎರಡೂ ಕಡೆಯ ಸರಾಸರಿ ಹೆಚ್ಚು ಕಡಿಮೆ ಒಂದೇ ಅಷ್ಟು ಏರಿದ್ದರಿಂದ ಹಾಗಾಗಿದೆ, ಅಷ್ಟೇ.

ಈಗ ಮುಂದಿನ ಲೆಕ್ಕ. ಎ ಹಂತದ ಅತಿ ಹೆಚ್ಚಿನ ಅಂಕ 24. ಬಿ ಹಂತದಲ್ಲಿ ಅದನ್ನು ದಾಟಿದ ದಿನ ಎಷ್ಟು? ಹತ್ತರಲ್ಲಿ ಎಂಟು, ಅಂದರೆ 80 ಶೇಕಡಾ. ಸ್ಕ್ರಗ್ಸ್, ಮಾಸ್ಟ್ರೊಪಿಯೆರಿ, ಕ್ಯಾಸ್ಟೊ 1987ರಲ್ಲಿ ಕೊಟ್ಟ ಪಿಎನ್‌ಡಿ ಅನ್ನುವ ಸರಳ ಅಳತೆ ಇದು. ಎ ಹಂತದ 14, 17 ತೆಗೆದರೂ ಅದು 80 ಆಗಿಯೇ ಉಳಿಯುತ್ತದೆ, ಏಕೆಂದರೆ 24 ಅಲ್ಲೇ ಇದೆ. ಆದರೆ ಬಿ ಹಂತದ 23, 22 ತೆಗೆದುಬಿಡಿ. ಎಂಟಕ್ಕೆ ಎಂಟೂ ದಾಟಿದವು, ನೂರಕ್ಕೆ ನೂರು! ಎರಡು ಚುಕ್ಕಿ ಅಳಿಸಿದ್ದಕ್ಕೆ "ಒಳ್ಳೆಯ ಪಾಠ" ಹೋಗಿ "ಎಲ್ಲೂ ಕುಂದಿಲ್ಲದ ಪಾಠ" ಆಯಿತು.

ಎ ಹಂತದ ಒಂದೊಂದು ಅಳತೆಯನ್ನೂ ಬಿ ಹಂತದ ಒಂದೊಂದರ ಜೊತೆ ಜೋಡಿ ಮಾಡಿ ಹೋಲಿಸುವ ಎನ್‌ಎಪಿ ಅನ್ನುವುದು ಇನ್ನೊಂದು. ಪಾರ್ಕರ್ ಮತ್ತು ವ್ಯಾನೆಸ್ಟ್ 2009ರಲ್ಲಿ ಕೊಟ್ಟದ್ದು. ಸಮ ಬಂದ ಜೋಡಿಗೆ ಅರ್ಧ ಅಂಕ. ಪೂರ್ತಿ ಡೇಟಾದಲ್ಲಿ 80 ಜೋಡಿ, ಅದರಲ್ಲಿ 73.5 ಬಿ ಹಂತದ ಪಾಲು: 91.9 ಶೇಕಡಾ. ಎ ಹಂತದ ಎರಡು ಬಿಟ್ಟರೆ 60 ಜೋಡಿಯಲ್ಲಿ 53.5: 89.2. ಬಿ ಹಂತದ ಎರಡು ಬಿಟ್ಟರೆ ಮತ್ತೆ 100.

ಇಷ್ಟು ನೋಡಿದರೆ ಎ ಹಂತದ ಶುರುವನ್ನು ಕತ್ತರಿಸುವುದು ದೊಡ್ಡ ವಿಷಯವಲ್ಲ ಅನ್ನಿಸಬಹುದು. ಸರಾಸರಿಯಲ್ಲಂತೂ ಅದು ನಮ್ಮ ಫಲಿತಾಂಶವನ್ನು ಕಡಿಮೆಯೇ ಮಾಡಿತು. ಈಗ ಗೆರೆ ಎಳೆದು ನೋಡಿ.

ಎ ಹಂತದ ಎಂಟೂ ಚುಕ್ಕಿಗೆ ನೇರ ಗೆರೆ ಎಳೆದರೆ ಅದು ದಿನಕ್ಕೆ 1.11 ಪದದಷ್ಟು ಏರುತ್ತದೆ. ಆ ಗೆರೆಯನ್ನು ಹಾಗೇ ಹದಿನೆಂಟನೇ ದಿನದ ತನಕ ಎಳೆಯಿರಿ: 35.8ಕ್ಕೆ ಮುಟ್ಟುತ್ತದೆ. ಮಗು ಆ ದಿನ ನಿಜವಾಗಿ ಓದಿದ್ದು 34. ಅಂದರೆ ಪಾಠ ಮಾಡದೇ ಇದ್ದಿದ್ದರೆ ಮಗು ಇನ್ನೂ ಚೆನ್ನಾಗಿ ಓದುತ್ತಿತ್ತು ಅನ್ನುತ್ತದೆ ಈ ಗೆರೆ! ಮೊದಲ ಎರಡು ಬಿಟ್ಟು, ಉಳಿದ ಆರಕ್ಕೆ ಎಳೆಯಿರಿ: ಏರಿಕೆ ದಿನಕ್ಕೆ 0.11, ಹದಿನೆಂಟನೇ ದಿನಕ್ಕೆ 24.1. ಮಗು ಅದಕ್ಕಿಂತ ಹತ್ತು ಪದ ಮುಂದಿದೆ.

ಎಂಟು ದಿನದ ಗೆರೆಯನ್ನು ಇನ್ನೂ ಹತ್ತು ದಿನ ಮುಂದಕ್ಕೆ ಎಳೆಯುವುದೇ ಸಾಹಸದ ಕೆಲಸ, ಅದು ಬೇರೆ ಮಾತು. ಆದರೂ ರಿಗ್ರೆಶನ್ ಒಳಗೊಳಗೆ ಮಾಡುವುದು ಇದನ್ನೇ. ಮೊದಲ ದಿನದ ಆ ಸಂಕೋಚ ಲೆಕ್ಕದೊಳಗೆ "ಕಲಿಕೆಯ ಏರಿಕೆ"ಯ ವೇಷ ಹಾಕಿಕೊಂಡು ಕೂತುಬಿಟ್ಟಿತ್ತು. ಇಂಥ ಕಡೆ ಕತ್ತರಿಸುವುದು ಸರಿ ಮಾತ್ರ ಅಲ್ಲ, ಮಗುವಿಗೆ ಮಾಡುವ ನ್ಯಾಯ. ದಿನಚರಿ ಅದನ್ನು ಹೇಳಬೇಕು, ನಿಯಮ ಮುಂಚೆಯೇ ಇರಬೇಕು, ಅಷ್ಟೇ ಷರತ್ತು.

ಬಿ ಹಂತದ ಶುರುವಿಗೆ ಇನ್ನೊಂದು ತಕರಾರಿದೆ. ಗ್ರಾಫ್ ಓದುವವರು ಬದಲಾವಣೆ ಎಷ್ಟು ಬೇಗ ಬಂತು ಅನ್ನುವುದನ್ನು ಬಹಳ ಗಮನಿಸುತ್ತಾರೆ. ಎ ಹಂತದ ಕೊನೆಯ ಮೂರು, ಬಿ ಹಂತದ ಮೊದಲ ಮೂರು, ಇವನ್ನು ಅಕ್ಕಪಕ್ಕ ಇಟ್ಟು ನೋಡುವುದು ರೂಢಿ. ನಮ್ಮಲ್ಲಿ ಎ ಕಡೆ 24, 22, 23, ಸರಾಸರಿ 23. ಬಿ ಕಡೆ 23, 22, 25, ಸರಾಸರಿ 23.3. ಬದಲಾವಣೆ ಕೂಡಲೇ ಬಂದಿಲ್ಲ. ಮೂರನೇ ದಿನದಿಂದ ಮೆಲ್ಲಗೆ ಬಂದಿದೆ. ಮೊದಲ ಎರಡು ಕತ್ತರಿಸಿದರೆ ಬಿ ಕಡೆ 25, 28, 29 ಉಳಿದು ಸರಾಸರಿ 27.3 ಆಗುತ್ತದೆ. ಇಲ್ಲದ ಜಿಗಿತ ಹುಟ್ಟಿಕೊಂಡಿತು. ಹಾಗಾಗಿ ಬಿ ಹಂತದ ಶುರುವನ್ನು ಕತ್ತರಿಸಿದವರು "ಪರಿಣಾಮ ತಕ್ಷಣ ಕಾಣಿಸಿತು" ಎಂದು ಬರೆಯುವಂತಿಲ್ಲ.

ಕಂಪ್ಯೂಟರಿನಲ್ಲಿ ಮಾಡುವವರಿಗೆ

ಆರ್ ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಬಳಸುವವರಿಗೆ ಯುರ್ಗೆನ್ ವಿಲ್ಬರ್ಟ್ ಮುಂತಾದವರು ಸಿಂಗಲ್ ಕೇಸ್ ಡೇಟಾಗಾಗಿಯೇ ಬರೆದ 'ಸ್ಕ್ಯಾನ್' ಎಂಬ ಪ್ಯಾಕೇಜ್ ಇದೆ, ಉಚಿತ. ಅದರಲ್ಲಿ 'ಟ್ರಂಕೇಟ್ ಫೇಸ್' ಎಂಬ ಆಜ್ಞೆ ಇದೇ ಕೆಲಸಕ್ಕೆ ಇರುವುದು. ಒಂದೊಂದು ಹಂತಕ್ಕೂ ಎರಡು ಸಂಖ್ಯೆ ಕೊಡಬೇಕು: ಶುರುವಿನಿಂದ ಎಷ್ಟು, ಕೊನೆಯಿಂದ ಎಷ್ಟು. ನಮ್ಮ ನಿಯಮದ ಪ್ರಕಾರ ಎ ಗೆ 2 ಮತ್ತು 0, ಬಿ ಗೆ 0 ಮತ್ತು 0. ಬೇರೇನೂ ಹೇಳದಿದ್ದರೆ ಅದು ಕತ್ತರಿಸಿದ ಜಾಗವನ್ನು ಖಾಲಿ ಎಂದು ಗುರುತು ಮಾಡುತ್ತದೆ, ಸಾಲನ್ನು ಅಳಿಸುವುದಿಲ್ಲ. ಅಳಿಸುವ ಆಯ್ಕೆಯೂ ಇದೆ, ನಾನು ಅದನ್ನು ಮುಟ್ಟುವುದಿಲ್ಲ. ಕತ್ತರಿಸಿದ್ದನ್ನು ಬೇರೆ ಹೆಸರಿನಲ್ಲಿ ಇಟ್ಟುಕೊಂಡು, ಮೂಲದ ಜೊತೆ ಒಟ್ಟಿಗೆ ಸೇರಿಸಿ ಒಂದರ ಕೆಳಗೊಂದು ಗ್ರಾಫ್ ಮಾಡಿ ನೋಡಿ. ಎರಡು ನಿಮಿಷದ ಕೆಲಸ.

ಎಕ್ಸೆಲ್‌ನಲ್ಲಿ ಗ್ರಾಫ್ ಮಾಡುವವರು ಖಾಲಿ ಸೆಲ್‌ಗಳನ್ನು ಹೇಗೆ ತೋರಿಸಬೇಕು ಎಂಬ ಸೆಟ್ಟಿಂಗ್ ನೋಡಿಕೊಳ್ಳಿ. ಜಾಗ ಬಿಡು, ಸೊನ್ನೆ ಎಂದುಕೋ, ಗೆರೆ ಜೋಡಿಸು ಎಂದು ಮೂರು ಆಯ್ಕೆ ಇರುತ್ತವೆ. ಜಾಗ ಬಿಡುವುದನ್ನೇ ಆರಿಸಿ.

ಆಮೇಲೆ ಬಿಟ್ಟ ಅಳತೆಗಳನ್ನು ಇನ್ನೊಂದು ಸಾಲಾಗಿ ಸೇರಿಸಿ, ಅದೇ ಗ್ರಾಫಿನಲ್ಲಿ ಒಳಗೆ ಬಣ್ಣವಿಲ್ಲದ ಖಾಲಿ ವೃತ್ತಗಳಾಗಿ ತೋರಿಸಿ. ಲೆಕ್ಕಕ್ಕಿರುವವು ಕಪ್ಪು ಚುಕ್ಕಿ, ಬಿಟ್ಟವು ಖಾಲಿ ವೃತ್ತ. ಖಾಲಿ ವೃತ್ತಗಳನ್ನು ಗೆರೆಯಿಂದ ಜೋಡಿಸಬೇಡಿ. ನಾನು ಈಗಲೂ ಮೊದಲು ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಹಾಕಿ ನೋಡುತ್ತೇನೆ. ಕೈಯಲ್ಲಿ ಅಂಥ ಒಂದು ಖಾಲಿ ವೃತ್ತ ಬರೆಯುವಾಗ ಆ ದಿನ ಮಗು ಹೇಗೆ ಕೂತಿತ್ತು ಅನ್ನುವುದು ನೆನಪಿಗೆ ಬರುತ್ತದೆ.

ಹಲವು ಮಕ್ಕಳಿದ್ದರೆ

ಮೂರು ನಾಲ್ಕು ಮಕ್ಕಳಿಗೆ ಬೇರೆ ಬೇರೆ ದಿನ ಪಾಠ ಶುರು ಮಾಡುವ ಮಲ್ಟಿಪಲ್ ಬೇಸ್‌ಲೈನ್ ವಿನ್ಯಾಸದಲ್ಲಿ ನಿಯಮ ಎಲ್ಲರಿಗೂ ಒಂದೇ ಇರಬೇಕು. ಒಬ್ಬಳಿಗೆ ಎರಡು, ಇನ್ನೊಬ್ಬನಿಗೆ ಒಂದು, ಮತ್ತೊಬ್ಬಳಿಗೆ ಏನೂ ಇಲ್ಲ ಅಂದರೆ ಪರೀಕ್ಷಕರು ಅನುಮಾನ ಪಡುತ್ತಾರೆ, ಪಡಲೇಬೇಕು.

ಪಾಠ ಶುರುವಾಗುವ ದಿನವನ್ನು ಚೀಟಿ ಎತ್ತಿ ಆರಿಸಿ, ಆಮೇಲೆ ರ‍್ಯಾಂಡಮೈಸೇಶನ್ ಟೆಸ್ಟ್ ಮಾಡುವವರು ಇನ್ನೂ ಹುಷಾರಾಗಿರಬೇಕು. ಆ ಟೆಸ್ಟ್ "ಪಾಠ ಬೇರೆ ದಿನ ಶುರುವಾಗಿದ್ದರೆ ವ್ಯತ್ಯಾಸ ಎಷ್ಟು ಬರುತ್ತಿತ್ತು" ಎಂದು ಸಾಧ್ಯವಿದ್ದ ಪ್ರತಿ ದಿನಕ್ಕೂ ಲೆಕ್ಕ ಹಾಕುತ್ತದೆ. ಬಿ ಹಂತದ ಮೊದಲ ಎರಡನ್ನು ಬಿಡುವುದು ನಿಮ್ಮ ನಿಯಮವಾದರೆ ಆ ಪ್ರತಿಯೊಂದು ಲೆಕ್ಕದಲ್ಲೂ ಅದೇ ರೀತಿ ಬಿಡಬೇಕು. ನಿಜವಾದ ದಿನಕ್ಕೆ ಮಾತ್ರ ಕತ್ತರಿಸಿ ಉಳಿದವಕ್ಕೆ ಕತ್ತರಿಸದಿದ್ದರೆ ಬಂದ ಪಿ ಬೆಲೆಗೆ (ಇಷ್ಟು ವ್ಯತ್ಯಾಸ ಬರೀ ಆಕಸ್ಮಿಕವಾಗಿ ಬರುವ ಸಾಧ್ಯತೆಯ ಅಳತೆಗೆ) ಅರ್ಥವೇ ಇಲ್ಲ.

ನಿಯಮ ಬರೆದಿಟ್ಟಿರಲಿಲ್ಲ, ಈಗೇನು?

ಈ ಲೇಖನ ಓದುವ ಬಹಳ ಜನರ ಸ್ಥಿತಿ ಇದೇ ಇರುತ್ತದೆ ಅಂತ ನನಗೆ ಗೊತ್ತು. ಡೇಟಾ ಮುಗಿದಿದೆ, ಗ್ರಾಫ್ ನೋಡಿಯಾಗಿದೆ, ಸಬ್ಮಿಶನ್‌ಗೆ ಮೂರು ವಾರ ಇದೆ. ಹೆದರಬೇಡಿ. ಪೂರ್ತಿ ಡೇಟಾದ ಲೆಕ್ಕವನ್ನೇ ಮುಖ್ಯ ಫಲಿತಾಂಶ ಮಾಡಿ. ಕತ್ತರಿಸಿದ ಲೆಕ್ಕವನ್ನು ಅದರ ಕೆಳಗೆ ಎರಡನೆಯದಾಗಿ ಕೊಡಿ, "ಡೇಟಾ ನೋಡಿದ ಮೇಲೆ ಮಾಡಿದ್ದು" ಎಂದು ಬಿಡಿಸಿ ಬರೆಯಿರಿ. ನಿಯಮಕ್ಕೆ ಹಿಂದಿನ ತಾರೀಕು ಮಾತ್ರ ಹಾಕಬೇಡಿ. ಎರಡೂ ಲೆಕ್ಕ ಒಂದೇ ಮಾತು ಹೇಳಿದರೆ ನಿಮ್ಮ ತೀರ್ಮಾನ ಗಟ್ಟಿಯಾಯಿತು. ಬೇರೆ ಬೇರೆ ಹೇಳಿದರೆ, ಮೇಲಿನ ಗೆರೆಯ ಉದಾಹರಣೆಯಲ್ಲಿ ಆದಂತೆ, ಏಕೆ ಬೇರೆ ಬಂತು ಎಂದು ದಿನಚರಿ ಇಟ್ಟುಕೊಂಡು ಒಂದು ಪ್ಯಾರಾ ಬರೆಯಿರಿ. ನಾನು ಓದಿದ ಒಳ್ಳೆಯ ಡೆಸರ್ಟೇಶನ್‌ಗಳಲ್ಲಿ ಜೀವ ಇದ್ದದ್ದೇ ಇಂಥ ಪ್ಯಾರಾಗಳಲ್ಲಿ.

ಕೊನೆಯ ಹೆಜ್ಜೆ: ವರದಿಯಲ್ಲಿ ಬರೆಯುವುದು

ಸಿಂಗಲ್ ಕೇಸ್ ಅಧ್ಯಯನಗಳನ್ನು ಹೇಗೆ ವರದಿ ಮಾಡಬೇಕು ಎಂದು 2016ರಲ್ಲಿ 'ಸ್ಕ್ರೈಬ್' ಎಂಬ 26 ಅಂಶಗಳ ಪಟ್ಟಿ ಬಂದಿದೆ. ಬರೆಯಲು ಕೂರುವ ಮುಂಚೆ ಅದನ್ನು ಒಮ್ಮೆ ಓದಿ. ಕತ್ತರಿಸಿದ್ದರ ಬಗ್ಗೆ ಹೇಳಬೇಕಾದದ್ದು ಒಂದು ಪ್ಯಾರಾದಲ್ಲಿ ಮುಗಿಯುತ್ತದೆ. ನಮ್ಮ ಉದಾಹರಣೆಗೆ ನಾನಾದರೆ ಹೀಗೆ ಬರೆಯುತ್ತೇನೆ:

"ಎ ಹಂತದಲ್ಲಿ 8, ಬಿ ಹಂತದಲ್ಲಿ 10 ಅಳತೆ ಮಾಡಲಾಯಿತು. ಅಧ್ಯಯನ ಶುರುವಾಗುವ ಮುಂಚೆ ಬರೆದಿಟ್ಟ ನಿಯಮದಂತೆ ಎ ಹಂತದ ಮೊದಲ 2 ಅಳತೆಗಳನ್ನು (14, 17) ಮುಖ್ಯ ಲೆಕ್ಕದಿಂದ ಹೊರಗಿಡಲಾಗಿದೆ. ಬಿ ಹಂತದಿಂದ ಏನನ್ನೂ ಬಿಟ್ಟಿಲ್ಲ. ದಿನಗಳ ಸಂಖ್ಯೆಯನ್ನು ಬದಲಿಸಿಲ್ಲ. ಬಿ ಹಂತವನ್ನು 9ನೇ ದಿನದಿಂದಲೇ ಎಣಿಸಲಾಗಿದೆ. ಹೊರಗಿಟ್ಟ ಅಳತೆಗಳು ಗ್ರಾಫಿನಲ್ಲಿ ಖಾಲಿ ವೃತ್ತಗಳಾಗಿ ಇವೆ. ಸರಾಸರಿಯ ವ್ಯತ್ಯಾಸ 6.0 ಪದ. ಎಲ್ಲ ಅಳತೆಗಳನ್ನೂ ಸೇರಿಸಿದರೆ 7.8 ಪದ. ಎ ಹಂತದ ಏರಿಕೆ ದಿನಕ್ಕೆ 0.11 ಪದ. ಎಲ್ಲ ಅಳತೆಗಳನ್ನೂ ಸೇರಿಸಿದರೆ 1.11 ಪದ."

ಮೂಲ ಶೀಟನ್ನು ಅನುಬಂಧದಲ್ಲಿ ಹಾಕಿ, ಹದಿನೆಂಟು ಸಾಲು, ಅರ್ಧ ಪುಟ. ಮಗುವಿನ ಹೆಸರು, ಶಾಲೆಯ ಹೆಸರು ಅದರಲ್ಲಿ ಉಳಿದಿಲ್ಲ ತಾನೇ ಎಂದು ಪ್ರಿಂಟ್ ಕೊಡುವ ಮುಂಚೆ ಇನ್ನೊಮ್ಮೆ ನೋಡಿಕೊಳ್ಳಿ.